ತಿಪ್ಪೇಶಿ ಕುರ್ಚಿ ತಂದದ್ದು

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದಿನ ಬೀದೀಲಿ ಒಬ್ಬಳು ಬೋರಮ್ಮ, ಅವಳಿಗೊಬ್ಬ ಮಗ ತಿಪ್ಪೇಶಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಇಂಥ ಮಗ ಬೇಕು ಅಂತ ಹರಕೆ ಹೊತ್ತವಳೂ ಅವಳೇ, ಹರಕೆ ಫಲಿಸಿದ ಮೇಲೆ ತಲೆ ಚಚ್ಚಿಕೊಂಡವಳೂ ಅವಳೇ. ಕುರ್ಚಿಗಾಗಿ ಹೊಡೆದಾಡುವವರನ್ನು ನಾಲ್ಕು ದೇಶದಲ್ಲಿ ಕಂಡಿದ್ದೇನೆ. ಕುರ್ಚಿಗೆ ಹೆದರಿದ ಮನೆ ಅಂತ ಕಂಡದ್ದು ಅದೊಂದೇ.

ತಿಪ್ಪೇಶಿ ಹಗಲೆಲ್ಲ ಕಂಪ್ಯೂಟರಿನ ಮುಂದೆ ಗೇಮ್ ಆಡುತ್ತಿದ್ದ. ಅಲ್ಲಿ ಮಾತ್ರ ಅವನು ಪೆದ್ದನಲ್ಲ. ಎಡಕ್ಕೆ ಓಡು ಅಂದರೆ ಓಡಿದ, ಗುಂಡು ಹಾರಿಸು ಅಂದರೆ ಹಾರಿಸಿದ, ಗೆದ್ದ. ಕೂರುತ್ತಿದ್ದದ್ದು ಮಾತ್ರ ಖಾಲಿ ಎಣ್ಣೆ ಡಬ್ಬದ ಮೇಲೆ, ಬೆನ್ನು ಬಿಲ್ಲು ಮಾಡಿಕೊಂಡು. ಹೀಗೇ ಎರಡು ವರ್ಷ. ಒಂದು ದಿನ ಎದ್ದು ನೋಡಿದರೆ ಎಡಗಾಲು ಮರದ ಕೊರಡು.

ಮೂಳೆ ಡಾಕ್ಟರು ಪಾದಕ್ಕೆ ಪಿನ್ನು ಚುಚ್ಚಿದರು. ತಿಪ್ಪೇಶಿ ನಗುತ್ತಾ ಕೂತಿದ್ದ. ಡಾಕ್ಟರು ನಗಲಿಲ್ಲ.

"ಇನ್ನೂ ಹಿಂಗೇ ಬಗ್ಗಿ ಕೂತರೆ ಕಾಲು ಹೋಗುತ್ತೆ ಕಣಮ್ಮ. ಬೆನ್ನಿಗೆ ಆಸರೆ ಇರೋ ಕುರ್ಚಿ ಕೊಡಿಸು. ಆ ಗೇಮ್ ಬಿಡಿಸಿದರೆ ಇನ್ನೂ ಒಳ್ಳೇದು."

"ಅದು ಬಿಟ್ಟರೆ ಇವನಿಗೆ ಇನ್ನೇನು ಬರುತ್ತೆ ಸ್ವಾಮಿ," ಅಂದಳು ಬೋರಮ್ಮ.

ಗಂಡ ಕಾಲು ಹೋಗಿ ಮೂರು ವರ್ಷ ಮಲಗಿದ್ದಲ್ಲೇ ಇದ್ದು ಸತ್ತದ್ದನ್ನು ಕಂಡವಳು ಅವಳು. ದಾರೀಲಿ ಮಗ ಕೇಳಿದ, "ಕಾಲು ಹೋದರೆ ಎಲ್ಲಿಗೆ ಹೋಗುತ್ತವ್ವ?"

"ಬಾಯಿ ಮುಚ್ಚಲೇ. ನಾಳೆ ಕುರ್ಚಿ ಅಂಗಡಿಗೆ ಹೋಗು. ನೋಡಿದ ತಕ್ಷಣ ತಂದುಬಿಡಬೇಡ. ತುಂಬಾ ಹೊತ್ತು ಚೆನ್ನಾಗಿ ಕೂತು ನೋಡು. ಕುರ್ಚಿ ಗುಣ ಕೂತರೇನೇ ಗೊತ್ತಾಗೋದು."

ಹೋದ. ಬಾಗಿಲ ಹತ್ತಿರ ಇದ್ದ ಮೊದಲ ಕುರ್ಚೀಲಿ ಕೂತ. ಹೊತ್ತೇರಿತು, ಕೂತ. ಹೊತ್ತಿಳಿಯಿತು, ಕೂತ. ಅಂಗಡಿಯ ಜಬೀವುಲ್ಲಾ ಸಾಬರು ಷಟರ್ ಅರ್ಧ ಎಳೆದು ಕೈ ಮುಗಿದರು. "ಅಪ್ಪಾ, ನಾನು ಊಟಕ್ಕೆ ಹೋಗಬೇಕು. ನೀನು ನಿಮ್ಮ ಮನೆಗೆ ಹೋಗು."

ಮನೆಗೆ ಬಂದಾಗ ಎರಡೂ ಪಾದ ಊದಿದ್ದವು. ಬೋರಮ್ಮ ಪಾದಕ್ಕೆ ಎಣ್ಣೆ ತಿಕ್ಕುತ್ತಾ ಅಂದಳು.

"ಪೆದ್ದು ಮುಂಡೇದೆ, ಒಂದರಲ್ಲೇ ದಿನವಿಡೀ ಕೂರ್ತಾರೇನೋ? ಒಂದೊಂದರಲ್ಲೂ ಐದೈದು ನಿಮಿಷ. ಕಂಡ ಕುರ್ಚೀಲೆಲ್ಲ ಕೂತು ನೋಡು, ಆಮೇಲೆ ಆರಿಸು."

"ಹಂಗೇ ಮಾಡ್ತೀನಿ ಕಣವ್ವ."

ಮಾರನೇ ದಿನ ಅಂಗಡಿಯವರೆಗೆ ಹೋಗಲೇ ಇಲ್ಲ. ದಾರೀಲಿ ಮೊದಲು ಕಂಡದ್ದು ಕಟಿಂಗ್ ಷಾಪಿನ ಕುರ್ಚಿ. ಕೂತ. ಐದು ನಿಮಿಷದಲ್ಲಿ ಅರ್ಧ ಮೀಸೆ ಹೋಗಿತ್ತು, ಅಷ್ಟಕ್ಕೇ ಎದ್ದ. ಆಮೇಲೆ ಕಂಡದ್ದು ಹಲ್ಲಿನ ಡಾಕ್ಟರ ಕುರ್ಚಿ. ಕೂತ. "ಬಾಯಿ ತೆಗಿ," ಅಂದರು. ಹೇಳಿದ್ದನ್ನು ಮಾಡುವವನಲ್ಲವೇ, ತೆಗೆದ. ಗಟ್ಟಿಮುಟ್ಟಾದ ದವಡೆ ಹಲ್ಲೊಂದು ಹೋಯಿತು. ಆಮೇಲೆ ಪೊಲೀಸ್ ಠಾಣೆ.

ಪೇದೆಯೊಬ್ಬ ಕಾಲರ್ ಹಿಡಿದು ಮನೆಗೆ ತಂದು ಬಿಟ್ಟ. "ಸಾಹೇಬರ ಕುರ್ಚೀಲಿ ಕೂತವ್ನೆ ಕಣಮ್ಮ ನಿನ್ನ ಮಗ. ಏಳಲೇ ಅಂದರೆ ಇನ್ನೂ ಎರಡು ನಿಮಿಷ ಐತೆ ಅಂತಾನೆ. ಸಾಹೇಬರು ನಿಂತುಕೊಂಡೇ ಕಾದರು. ಇನ್ನೊಂದು ಸಲ ಬಂದರೆ ಒಳಗೇ ಕೂರಿಸ್ತಾರಂತೆ."

ಬೋರಮ್ಮ ರಕ್ತ ಒಸರುತ್ತಿದ್ದ ಅವನ ಬಾಯಿ ಒರೆಸುತ್ತಾ ಬೈದಳು.

"ಕಂಡೋರ ಕುರ್ಚೀಲಿ ಕೂರ್ತಾರೇನೋ? ಕೂರೋಕೆ ಮುಂಚೆ ಯಾರದು ಅಂತ ಕೇಳು. ನಮ್ಮದಾದರೆ ಮಾತ್ರ ಕೂತ್ಕೋ."

"ಹಂಗೇ ಮಾಡ್ತೀನಿ ಕಣವ್ವ. ಕಾಲು ಹೋಗಲ್ಲ ತಾನೇ?"

ಮತ್ತೆ ಜಬೀವುಲ್ಲಾ ಸಾಬರ ಅಂಗಡಿ. "ಇದು ಯಾರದು?" "ಅಂಗಡೀದು." "ಅದು?" "ಅದೂ ಅಂಗಡೀದೇ." ಇಪ್ಪತ್ತು ಕುರ್ಚಿ ಕೇಳಿದ, ಒಂದರಲ್ಲೂ ಕೂರಲಿಲ್ಲ. ಇವನು ಎಲ್ಲಿ ಸಂಜೆಯವರೆಗೂ ನಿಂತುಬಿಡುತ್ತಾನೋ ಅಂತ ಸಾಬರಿಗೆ ದಿಗಿಲು. ಎತ್ತರದ ಬೆನ್ನು, ಕೈಗೆ ದಿಂಬು, ಕಾಲಿಗೆ ಐದು ಚಕ್ರ ಇದ್ದ ಕೆಂಪು ಗೇಮಿಂಗ್ ಕುರ್ಚಿಯೊಂದನ್ನು ಮುಂದೆ ತಳ್ಳಿ, ಬೋರಮ್ಮ ಕೊಟ್ಟು ಕಳಿಸಿದ್ದ ದುಡ್ಡು ಎಣಿಸಿಕೊಂಡು ಬಿಲ್ ಹರಿದು ಕೊಟ್ಟರು. "ತಗೋ, ಈಗ ಇದು ನಿಮ್ಮದು."

ನಮ್ಮದು ಅಂದಮೇಲೆ ಇನ್ನೇನು? ಅಲ್ಲೇ ಕೂತ. ಕೂತವನು ಏಳಲಿಲ್ಲ. ಕಾಲಲ್ಲಿ ನೆಲ ತಳ್ಳುತ್ತಾ ಮೆಟ್ಟಿಲಿಲ್ಲದ ಅಂಗಡಿಯಿಂದ ನೇರ ಹೆದ್ದಾರಿಗೆ ಬಂದ. ಇಳಿಜಾರು ಸಿಕ್ಕಿತು, ಚಕ್ರ ಓಡಿತು. ಕಡ್ಲೆಕಾಯಿ ಲಾರಿಯೊಂದು ಕಿರ್ರೆಂದು ಬ್ರೇಕು ಹಾಕಿ ಅವನ ಮೂಗಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಕೆಳಗಿಳಿದ. ಬೈಯಲು ಬಂದವನು ಬೈಯಲಾಗದೆ ರಸ್ತೆ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿದ.

ಸುದ್ದಿ ಮಗನಿಗಿಂತ ಮೊದಲೇ ಮನೆ ಸೇರಿತ್ತು. ಬೋರಮ್ಮ ಹೊಡೆಯಲು ಕೈ ಎತ್ತಿದಳು, ಅದೇ ಕೈಯಲ್ಲಿ ಅವನ ಎರಡೂ ಕಾಲು ಮುಟ್ಟಿ ಮುಟ್ಟಿ ನೋಡಿದಳು.

"ಚಕ್ರ ಇರೋದು ಮನೆಗೆ ಬಂದರೆ ಪೂಜೆ ಮಾಡಿಸದೆ ಹತ್ತುತ್ತಾರೇನೋ? ಅದಕ್ಕೇ ಹಿಂಗಾಗಿದ್ದು. ಬೆಳಿಗ್ಗೆ ಗುಡಿ ಹತ್ತಿರ ತಗೊಂಡು ಹೋಗು. ಪೂಜಾರಪ್ಪ ಹೇಳಿದಂಗೆ ಕೇಳು."

ಗುಡಿ ಮುಂದೆ ಸಾಲು. ಒಂದು ಟ್ರ್ಯಾಕ್ಟರು, ಎರಡು ಬೈಕು, ಒಂದು ಕಾರು, ಅದರ ಹಿಂದೆ ತಿಪ್ಪೇಶಿಯ ಕುರ್ಚಿ. ಪೂಜಾರಪ್ಪ ತಲೆ ಎತ್ತಲೂ ಇಲ್ಲ. ಹಾರ ಹಾಕಿದ, ಅರಿಶಿನ ಕುಂಕುಮ ಹಚ್ಚಿದ, ಐದು ಚಕ್ರಕ್ಕೆ ಐದು ನಿಂಬೆಹಣ್ಣು ಇಟ್ಟ. ಕಾರಿನವನಿಗೆ ಹೇಳಿದ್ದನ್ನೇ ಇವನಿಗೂ ಹೇಳಿದ. "ಬೆಲ್ಟ್ ಹಾಕದೆ ಕೂರಬೇಡ. ನಡುದಾರೀಲಿ ಬಿಚ್ಚಬೇಡ. ಒಳ್ಳೇದಾಗಲಿ."

ತಿಪ್ಪೇಶಿ ಮನೆಗೆ ಬಂದು ಬಾವಿ ಹಗ್ಗ ಹುಡುಕಿ, ಎದೆಗೆ ಎರಡು ಸುತ್ತು, ಸೊಂಟಕ್ಕೆ ಮೂರು ಸುತ್ತು ಕುರ್ಚಿಗೆ ಕಟ್ಟಿಕೊಂಡ. ಗೇಮ್ ಆಡಿದ. ಬೆನ್ನು ಕಂಬದ ಹಾಗೆ ನೆಟ್ಟಗೆ. ಬೋರಮ್ಮನಿಗೆ ಎಷ್ಟೋ ದಿನದ ಮೇಲೆ ಅನ್ನ ರುಚಿಸಿತು. ನಾಲ್ಕು ದಿನ ಹೀಗೇ. ಐದನೇ ದಿನ ಅವಳೇ ಅವನ ಪಾದಕ್ಕೆ ಪಿನ್ನು ಚುಚ್ಚಿದರೆ "ಅಯ್ಯೋ" ಅಂದ. ಬೋರಮ್ಮ ಕಣ್ಣೊರೆಸಿಕೊಂಡು ಡಾಕ್ಟರಿಗೆ ಫೋನ್ ಮಾಡಿದಳು.

"ಒಳ್ಳೇದಾಯ್ತು. ಆದರೆ ಒಂದೇ ಸಮ ಕೂತರೆ ಮತ್ತೆ ಜೋಮು ಹಿಡಿಯುತ್ತೆ. ಗಂಟೆಗೊಂದು ಸಲ ಓಡಾಡಿಸಮ್ಮ."

ಮತ್ತೆ ಅದೇ ಭಯ. ಅವಸರದಲ್ಲಿ ಅಂದುಬಿಟ್ಟಳು, "ಮಗಾ, ಬೆನ್ನಿನ ಆಸರೆ ಮಾತ್ರ ಬಿಡಬೇಡ. ಗಂಟೆಗೊಂದು ಸಲ ಬೀದಿ ಕೊನೇವರೆಗೆ ನಡಕೊಂಡು ಬಾ."

"ಹಂಗೇ ಮಾಡ್ತೀನಿ ಕಣವ್ವ."

ಸ್ವಲ್ಪ ಹೊತ್ತಿಗೆ ಬೀದೀಲಿ ಗದ್ದಲ. ಬೋರಮ್ಮ ಹೊರಗೆ ಬಂದು ನೋಡಿದಳು. ಕುರ್ಚಿ ನಡೆದು ಬರುತ್ತಿತ್ತು. ಕೆಳಗೆ ಎರಡು ಕಾಲು. ಹಗ್ಗ ಬಿಚ್ಚದೆ ಕುರ್ಚಿಯನ್ನು ಬೆನ್ನ ಮೇಲೆ ಹೊತ್ತು, ಮೂಗು ಮೊಣಕಾಲಿಗೆ ತಾಗುವಷ್ಟು ಬಗ್ಗಿ ತಿಪ್ಪೇಶಿ ನಡೆದಿದ್ದ. ಡಬ್ಬದ ಮೇಲೆ ಕೂತಾಗಲೂ ಅಷ್ಟು ಬಗ್ಗಿರಲಿಲ್ಲ.

"ಕಾಲು ಹೆಂಗೈತೋ?"

"ಕಾಲು ಚೆನ್ನಾಗೈತೆ ಕಣವ್ವ. ಈಗ ಕೈ ಎರಡೂ ಜೋಮು ಹಿಡಿದವೆ."

ಬೋರಮ್ಮ ಬಾಯಿ ತೆರೆದಳು. ಮುಚ್ಚಿದಳು. ಇಷ್ಟು ದಿನ ಮಗನ ಕಾಲಿಗೆ ಹೆದರಿದ್ದಳು. ಈಗ ತನ್ನ ನಾಲಿಗೆಗೆ ಹೆದರಿದಳು. ಏನು ಹೇಳಿದರೆ ಏನಾಗುತ್ತೋ. ಒಂದೊಂದೇ ಮಾತು ತೂಗಿ ನೋಡಿದಳು, ಯಾವುದರಲ್ಲೂ ಕೇಡಿಲ್ಲ ಅನ್ನಿಸಿದ ಮೇಲೆ ಮೆಲ್ಲಗೆ ಅಂದಳು, "ಮಗಾ, ನೆಟ್ಟಗೆ ನಿಂತ್ಕೋ."

ನಿಂತ. ಕುರ್ಚಿ ಹಿಂದಕ್ಕೆ ಜಗ್ಗಿತು. ಕುರ್ಚಿ ಸಮೇತ ಅಂಗಾತ ಬಿದ್ದ. ಕಾಲೆರಡೂ ಆಕಾಶಕ್ಕೆ, ಐದು ಚಕ್ರ ಗಿರಗಿರ.

"ಪೆಟ್ಟಾಯ್ತೇನೋ?"

"ಇಲ್ಲ ಕಣವ್ವ," ಅಂದ ತಿಪ್ಪೇಶಿ, ಮಲಗಿದಲ್ಲಿಂದಲೇ. "ಬೆನ್ನಿನ ಆಸರೆ ಬಿಟ್ಟಿಲ್ಲ. ಮುಂದೇನು ಮಾಡಲಿ, ಹೇಳು."

ಬೋರಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು.