ಯಾರೂ ಕೇಳದ ಸರ್ವರ್

"ನನ್ನ ಜವಳಿ ಅಂಗಡಿಯಲ್ಲಿ ಬಡವರಿಗೆ ತುಂಡು ಬಟ್ಟೆ ಮಾರುವ ಕಟ್ಟೆ ತೆಗೆದು ಆ ಜಾಗವನ್ನು ಬ್ಯಾಂಕಿನ ಎಟಿಎಮ್ಮಿಗೆ ಕೊಟ್ಟರೆ, ಇಡೀ ಅಂಗಡಿಯ ಬಾಡಿಗೆ ಅದೊಂದರಿಂದಲೇ ಹುಟ್ಟುತ್ತದೆ ಗುರುಗಳೇ," ಎಂದ ಶಿಷ್ಯ. "ಕಟ್ಟೆಯನ್ನು ಕೆಲವು ದಿನ ಮುಚ್ಚಿಯೂ ನೋಡಿದೆ. ಯಾಕೆ ಮುಚ್ಚಿದಿರಿ ಎಂದು ಒಬ್ಬ ಗಿರಾಕಿಯೂ ಕೇಳಲಿಲ್ಲ. ಕೊಟ್ಟುಬಿಡಲೇ?"

ಅವನಿಗೆ ವ್ಯಾಪಾರ ಕಲಿಸಿದ ಗುರುಗಳು ಕೊಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಕಡಲ ದಂಡೆಯ ಊರೊಂದರಲ್ಲಿ ಒಂದು ಸಂಶೋಧನಾಲಯವಿತ್ತು. ಹೊಳೆಯನ್ನೂ ಕಡಲನ್ನೂ ಅಳೆದು ನೋಡುವುದು ಅಲ್ಲಿಯವರ ಕೆಲಸ. ಅಳೆದದ್ದನ್ನು ಲೋಕಕ್ಕೆ ತೋರಿಸಲು ವೆಬ್‌ಸೈಟುಗಳಿದ್ದವು. ಅವನ್ನು ನಡೆಸಲು ಒಂದು ಕೋಣೆಯ ತುಂಬ ಸರ್ವರ್‌ಗಳಿದ್ದವು. ಸರ್ವರ್‌ಗಳನ್ನು ನೋಡಿಕೊಳ್ಳಲು ಒಬ್ಬ ಪಾಲಕನಿದ್ದ. ಒಳ್ಳೆಯ ಕೆಲಸಗಾರ. ಯಂತ್ರ ನಿಂತಿತು ಎಂದರೆ ಊಟ ಬಿಟ್ಟು ಓಡುತ್ತಿದ್ದ.

ಒಮ್ಮೆ ಹೊಸ ಸರ್ವರ್ ಬಂತು. ಕೋಣೆಯ ವಿದ್ಯುತ್ತು ಇದ್ದ ಯಂತ್ರಗಳಿಗೇ ಕಷ್ಟದಿಂದ ಸಾಲುತ್ತಿತ್ತು. "ಹಳೆಯದೊಂದನ್ನು ತೆಗೆಯಿರಿ, ಹೊಸದನ್ನು ಕೂರಿಸಿ. ಇದೇ ತಿಂಗಳು ಆಗಬೇಕು," ಎಂದರು ನಿರ್ದೇಶಕಿ. ಯಾವುದನ್ನು ತೆಗೆಯಲಿ ಎಂದು ಪಾಲಕ ವಿಜ್ಞಾನಿಗಳನ್ನು ಕೇಳಿದ. ನನ್ನದೊಂದನ್ನು ಬಿಟ್ಟು ಯಾವುದನ್ನಾದರೂ ತೆಗೆಯಪ್ಪ ಎಂದು ಎಲ್ಲರೂ ಉದಾರವಾಗಿ ಹೇಳಿದರು.

ಆ ಕಸುಬಿನಲ್ಲಿ ಇಂಥದ್ದಕ್ಕೆ ಒಂದು ಉಪಾಯವಿದೆ. ಯಂತ್ರದ ತಂತಿ ಕಿತ್ತು ಸುಮ್ಮನೆ ಕೂರುವುದು. ಬೇಕಾದವನು ಕೂಗುತ್ತಾನೆ. ಯಾರೂ ಕೂಗದಿದ್ದರೆ ಅದು ಯಾರಿಗೂ ಬೇಡದ ಯಂತ್ರ. ಪಾಲಕ ಒಂದೊಂದಾಗಿ ಕಿತ್ತು ನೋಡಿದ. ಕ್ಯಾಂಟೀನಿನಲ್ಲಿ ಇವತ್ತು ಏನು ತಿಂಡಿ ಎಂದು ತೋರಿಸುವುದಕ್ಕೇ ಒಂದು ಯಂತ್ರವಿತ್ತು. ಅದರ ತಂತಿ ಇನ್ನೂ ಅವನ ಕೈಯಲ್ಲಿರುವಾಗಲೇ ಫೋನು ಬಂತು. "ಏನ್ರೀ ಇದು? ಬನ್ಸ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?" ಎಂದು ಹಿರಿಯ ವಿಜ್ಞಾನಿಯೊಬ್ಬರು ರೇಗಿದರು. ಪಾಲಕ ತಂತಿಯನ್ನು ಮತ್ತೆ ಸಿಕ್ಕಿಸಿದ.

ಮೂಲೆಯಲ್ಲಿ ಎಲ್ಲಕ್ಕಿಂತ ಹಳೆಯದೊಂದು ಇತ್ತು. ಅದನ್ನು ಶುರುಮಾಡಿದ ವಿಜ್ಞಾನಿ ನಿವೃತ್ತಿಯಾಗಿ ಹೋಗಿದ್ದರು. ಅದರೊಳಗಿನ ಪ್ರೋಗ್ರಾಮನ್ನು ಬೇರೆ ಯಂತ್ರಕ್ಕೆ ಸಾಗಿಸಲು ಬಲ್ಲವರೂ ಉಳಿದಿರಲಿಲ್ಲ. ಹೊಳೆಯ ಮೇಲ್ಭಾಗದಲ್ಲಿದ್ದ ಸೇತುವೆಯ ಕಂಬಕ್ಕೆ ಕಟ್ಟಿದ ಮಾಪಕದಿಂದ ಹೊಳೆಯ ನೀರಿನ ಮಟ್ಟ ಪಡೆದು ಒಂದು ಪುಟದಲ್ಲಿ ತೋರಿಸುವುದಷ್ಟೇ ಅದರ ಕೆಲಸ. ಆ ಪುಟಕ್ಕೆ ಯಾರೋ ಬಂದು ಹೋಗುವ ಗುರುತುಗಳಿದ್ದವು. ಅಂಥ ಗುರುತನ್ನು ಇಂಟರ್‌ನೆಟ್ಟಿನಲ್ಲಿ ಪುಟದಿಂದ ಪುಟಕ್ಕೆ ತಾವಾಗಿ ಸುತ್ತುವ ಯಂತ್ರಗಳೂ ಬಿಟ್ಟುಹೋಗುತ್ತವೆ ಎಂದು ಪಾಲಕ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತಂತಿ ಕಿತ್ತ. ಒಂದು ದಿನ ಕಾದ, ಒಂದು ವಾರ ಕಾದ. ಫೋನು ಬರಲಿಲ್ಲ. ಹಳೆಯದು ಉಗ್ರಾಣಕ್ಕೆ ಹೋಯಿತು, ಹೊಸದು ಕೂತಿತು.

"ಯಾರಿಗೂ ನೋವಾಗದ ಹಾಗೆ ಮುಗಿಸಿದಿರಿ," ಎಂದು ನಿರ್ದೇಶಕಿ ಹೊಗಳಿದರು. ಪಾಲಕ ಹಿಗ್ಗಿದ.

ಮುಂದಿನ ತಿಂಗಳು ಒಂದು ಭಾನುವಾರ ಅವನು ಚಿಪ್ಪುಮೀನು ಕೊಳ್ಳಲು ಹೊಳೆಬದಿಗೆ ಹೋದ. ಬುಟ್ಟಿಯಲ್ಲಿದ್ದವು ಉಗುರಿನಷ್ಟು ಸಣ್ಣವು.

"ಏನಮ್ಮ, ಇವನ್ನು ತಿನ್ನುವುದೋ, ಪೋಣಿಸಿ ಕೊರಳಿಗೆ ಹಾಕಿಕೊಳ್ಳುವುದೋ?"

ಮಾರುವ ಹೆಂಗಸಿಗೆ ನಗು ಬಂತು. "ದೊಡ್ಡದು ಹೊಳೆ ನಡುವಿನ ದಿಬ್ಬದಲ್ಲಿ ಸಿಗುತ್ತದೆ ಸಾರ್. ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದೇವೆ. ಮೊನ್ನೆ ನನ್ನ ತಂಗಿ ಧೈರ್ಯ ಮಾಡಿ ಹೋದಳು. ನೀರು ಕುತ್ತಿಗೆಗೆ ಬಂತು, ಬುಟ್ಟಿ ಬಿಟ್ಟು ಈಜಿ ಬಂದಳು."

"ಉಬ್ಬರದ ಹೊತ್ತು ನಿಮಗೆ ತಿಳಿಯುವುದಿಲ್ಲವೇ?"

"ಉಬ್ಬರ ಚಂದ್ರನನ್ನು ನೋಡಿದರೆ ತಿಳಿಯುತ್ತದೆ. ಮೇಲೆ ಅಣೆಕಟ್ಟಿನವರು ನೀರು ಬಿಟ್ಟದ್ದು ಚಂದ್ರನಿಗೆ ತಿಳಿಯುತ್ತದೆಯೇ? ಅದು ಫೋನಿನಲ್ಲಿ ಬರುತ್ತಿತ್ತು. ಸೇತುವೆಯ ಹತ್ತಿರ ನೀರು ಏರಿತು ಎಂದರೆ ನಾವು ದಿಬ್ಬ ಬಿಟ್ಟು ಬರುತ್ತಿದ್ದೆವು. ಈಗ ನನ್ನ ಫೋನು ಹಾಳಾಗಿದೆ."

ಅವಳು ಫೋನನ್ನು ಸೆರಗಿನಿಂದ ಒರೆಸಿ ತೋರಿಸಿದಳು. ಪುಟ ಖಾಲಿಯಿತ್ತು. ಅದರ ಮೇಲಿದ್ದದ್ದು ಪಾಲಕ ಉಗ್ರಾಣಕ್ಕೆ ಕಳಿಸಿದ ಯಂತ್ರದ ವಿಳಾಸ.

"ಅಂಗಡಿಯವನು ಎರಡು ಸಲ ಬಿಚ್ಚಿ ನೋಡಿದ, ದುಡ್ಡೂ ತೆಗೆದುಕೊಂಡ. ಬೇರೆಲ್ಲ ಬರುತ್ತದೆ, ಇದೊಂದು ಬರುವುದಿಲ್ಲ. ನಿನ್ನ ಕೈ ಯಾವಾಗಲೂ ಒದ್ದೆ, ಅದಕ್ಕೇ ಹಾಳಾಯಿತು ಅನ್ನುತ್ತಾನೆ."

"ಬೇರೆಯವರ ಫೋನಿನಲ್ಲಿ?" ಪಾಲಕನ ದನಿ ಇಳಿದಿತ್ತು.

"ನಮ್ಮ ಕೇರಿಯಲ್ಲಿ ಎಲ್ಲರದೂ ಹಾಳಾಗಿದೆ ಸಾರ್. ಎಲ್ಲರ ಕೈಯೂ ಒದ್ದೆಯೇ ಅಲ್ಲವೇ?"

ಪಾಲಕ ಆ ಸಣ್ಣ ಚಿಪ್ಪುಗಳನ್ನೇ ಕೊಂಡ. ಚೌಕಾಸಿ ಮಾಡಲಿಲ್ಲ. ಫೋನು ಸರಿಹೋಗುತ್ತದೆ, ಆದರೆ ನಾಳೆಯವರೆಗೆ ಯಾರೂ ದಿಬ್ಬಕ್ಕೆ ಹೋಗಬೇಡಿ ಎಂದಷ್ಟೇ ಹೇಳಿದ. ತಪ್ಪು ಯಾರದು ಎಂದು ಹೇಳಲು ಅವನಿಗೆ ಆಗ ಬಾಯಿ ಬರಲಿಲ್ಲ. ಮನೆಗೂ ಹೋಗದೆ ನೇರ ಸಂಶೋಧನಾಲಯಕ್ಕೆ ಹೋಗಿ ಹಳೆಯ ಯಂತ್ರವನ್ನು ಉಗ್ರಾಣದಿಂದ ಹೊತ್ತು ತಂದ. ಅದಕ್ಕೆ ವಿದ್ಯುತ್ತು ಬೇಕಿತ್ತು. ಕ್ಯಾಂಟೀನಿನದನ್ನು ಕಿತ್ತ.

ಸೋಮವಾರ ಬೆಳಗ್ಗೆಯಿಂದ ಅವನ ಫೋನಿಗೆ ಬಿಡುವಿಲ್ಲ. ನಿರ್ದೇಶಕಿ ಕರೆಸಿದರು.

"ಏನ್ರೀ, ಇಡೀ ಕಟ್ಟಡವೇ ಕೂಗುತ್ತಿದೆಯಲ್ಲ!"

"ಕೂಗಲಿ ಮೇಡಂ. ಕೂಗುವುದಕ್ಕೆ ಅವರ ಹತ್ತಿರ ನನ್ನ ನಂಬರಾದರೂ ಇದೆ," ಎಂದು ಪಾಲಕ ಹೊಳೆಬದಿಯ ಸಂಗತಿಯನ್ನೆಲ್ಲ ಹೇಳಿದ.

ನಿರ್ದೇಶಕಿ ಕ್ಯಾಂಟೀನಿನ ಬಾಗಿಲಿಗೆ ತಿಂಡಿಯ ಹೆಸರು ಬರೆಯಲು ಒಂದು ಕರಿಹಲಗೆ ಹಾಕಿಸಿದರು. ಹೊಳೆಯ ನೀರು ತೋರಿಸುವ ಪುಟದಲ್ಲಿ ಪಾಲಕನ ನಂಬರು ದಪ್ಪ ಅಕ್ಷರದಲ್ಲಿ ಇರಲಿ ಎಂದರು. ಹೆಂಗಸರು ಮತ್ತೆ ದಿಬ್ಬಕ್ಕೆ ಹೋದರು. ವಿಜ್ಞಾನಿಗಳು ಪಾಲಕನನ್ನು ಬೈಯುವುದನ್ನು ಮಾತ್ರ ಬಹಳ ದಿನ ನಿಲ್ಲಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದ. ಅವನಿಗೆ ಲೆಕ್ಕ ಹೊಂದಲಿಲ್ಲ.

"ಇಷ್ಟೆಲ್ಲ ಮಾಡಿ ಪಾಲಕನಿಗೆ ಬೈಗುಳ ಬಿಟ್ಟರೆ ಸಿಕ್ಕಿದ್ದೇನು ಗುರುಗಳೇ?"

"ತಿಂಡಿ ತಿಳಿಯದಿದ್ದರೆ ಕೂಗುವವರು ಯಾರು, ಜೀವಕ್ಕೇ ಕುತ್ತು ಬಂದರೂ ಸುಮ್ಮನೆ ತಮ್ಮ ಫೋನು ಒರೆಸುವವರು ಯಾರು ಎಂಬುದು ಸಿಕ್ಕಿತು," ಎಂದರು ಗುರುಗಳು.