ವೈನಿ ಓದದ ಡೈರಿ

"ಗುರುಗಳೇ, ನಾನು ಬರೆದ ಪ್ರೋಗ್ರಾಂ ನಾನಿಟ್ಟ ಪರೀಕ್ಷೆಗಳಲ್ಲೆಲ್ಲ ಪಾಸಾಗಿದೆ. ಒಂದರಲ್ಲೂ ಸೋತಿಲ್ಲ. ಆದರೂ ಅದನ್ನು ಬಳಸಬೇಕಾದವರು ಬೇಡವೆಂದು ತಿರುಗಿ ಕಳಿಸಿದ್ದಾರೆ. ತಪ್ಪು ಅವರದೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕಂಪ್ಯೂಟರ್ ವಿದ್ಯೆ ಕಲಿಸುವವರು. ಮೂಗಿನ ತುದಿಯಲ್ಲೇ ಸಿಟ್ಟು, ಅದರ ಬೆನ್ನಿಗೇ ನಗು. "ಅವರದೇ, ಸಂಶಯವೇನು? ಅವರನ್ನು ಅಳಿಸಿ ಬೇರೆಯವರನ್ನು ಬರೆದುಕೊಂಡುಬಿಡು," ಎಂದರು. ಶಿಷ್ಯ ತಲೆ ತಗ್ಗಿಸಿದ. ಆಗ ಅವರು ಈ ಕತೆ ಹೇಳಿದರು.

ಧಾರವಾಡದಲ್ಲಿ ಪ್ರೋಗ್ರಾಂ ಬರೆಯುವ ಒಬ್ಬನಿದ್ದ. ಕೈ ಚುರುಕು, ಮಾತು ಕಡಿಮೆ, ತನ್ನ ಕೆಲಸದ ಮೇಲೆ ಬೆಟ್ಟದಷ್ಟು ನಂಬಿಕೆ. ಅವನ ಬಳಿಗೆ ಹುಟ್ಟಿನಿಂದಲೂ ಕಣ್ಣು ಕಾಣದ ಒಬ್ಬ ಹೆಂಗಸು ಬಂದಳು. ಟೆಲಿಫೋನ್ ಕಚೇರಿಯಲ್ಲಿ ಊರವರ ಕರೆಗಳನ್ನು ಜೋಡಿಸಿ ಜೋಡಿಸಿ ನಿವೃತ್ತಳಾದವಳು. ಅಣ್ಣನ ಮನೆಯಲ್ಲಿ ವಾಸ. ಮನೆಯ ಯಜಮಾನಿಕೆ ಅಣ್ಣನ ಹೆಂಡತಿಯದು. ಅಣ್ಣನ ಹೆಂಡತಿಯನ್ನು ಆ ಕಡೆ ವೈನಿ ಎನ್ನುತ್ತಾರೆ.

ಕಣ್ಣು ಕಾಣದ ಆಕೆಗೆ ಡೈರಿಯ ಹುಚ್ಚು. ದಿನವೂ ಆಕೆ ಹೇಳುವಳು, ವೈನಿ ಬರೆಯುವಳು. ವೈನಿ ಒಳ್ಳೆಯವಳು, ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚುಕಡಿಮೆ ಮಾಡುವವಳಲ್ಲ. ಆದರೆ ವೈನಿಯ ಬಗ್ಗೆ ಹೇಳಬೇಕಾದದ್ದನ್ನು ವೈನಿಯ ಕೈಯಲ್ಲೇ ಬರೆಸುವುದು ಹೇಗೆ? ಹಾಗಾಗಿ ಆ ಡೈರಿಯಲ್ಲಿ ವೈನಿಯ ಸಾರು ಒಂದು ದಿನವೂ ಕೆಟ್ಟಿರಲಿಲ್ಲ. ವೈನಿ ಬಿಡುವಾದಾಗ ಹಳೆಯ ಪುಟಗಳನ್ನು ತಿರುವಿ ಓದಿ ಸಂತೋಷಪಡುತ್ತಿದ್ದಳು. ಬ್ರೈಲ್ ಚುಕ್ಕೆಗಳಲ್ಲಾದರೂ ಗುಟ್ಟಾಗಿ ಬರೆದುಕೊಳ್ಳೋಣವೆಂದರೆ, ನಾದಿನಿಯ ಮೇಲಿನ ಪ್ರೀತಿಯಿಂದ ವೈನಿ ಅದನ್ನೂ ಕಲಿತುಬಿಟ್ಟಿದ್ದಳು.

ಆ ಹೆಂಗಸು ಹೇಳಿದಳು: "ತಮ್ಮಾ, ಊರ ಮಂದಿ ಗುಟ್ಟೆಲ್ಲಾ ನನ್ನ ಕೈಯಾಗ ಹಾದು ಹೋಗ್ಯಾವ. ನನ್ನದು ಅಂತ ಒಂದು ಮಾತು ಇಲ್ಲ. ನಾನೊಬ್ಬಾಕಿನೇ ಬರೀಬೇಕು, ನಾನೊಬ್ಬಾಕಿನೇ ಕೇಳಬೇಕು. ಸಾಯೂದ್ರೊಳಗ ಅಷ್ಟರೆ ಆಗಲಿ."

ಪರದೆಯ ಮೇಲೆ ಚಿತ್ರಗಳು ಬೇಡ, ಒತ್ತುವ ಗುಂಡಿಗಳು ಬೇಡ ಎಂದೂ ಆಕೆ ಹೇಳಿದಳು. ಪರದೆಯ ಮೇಲಿನ ಅಕ್ಷರಗಳನ್ನು ದನಿಯಲ್ಲಿ ಓದಿ ಹೇಳುವ ಯಂತ್ರವೊಂದು ಆಕೆಯ ಕಂಪ್ಯೂಟರಿಗಿತ್ತು; ಅಂಥವುಗಳ ಮುಂದೆ ಅದು ತಡವರಿಸುತ್ತಿತ್ತು. ಒಂದು ಸಾಲು ಟೈಪ್ ಮಾಡಿದರೆ ಒಂದು ಸಾಲು ಉತ್ತರ ಬರಬೇಕು. ಯಂತ್ರ ಅದನ್ನು ಆಕೆಯ ಕಿವಿಯ ಇಯರ್‌ಫೋನಿನಲ್ಲಿ ಓದಬೇಕು. ಅವನು ಒಪ್ಪಿದ.

ಆ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕೆಲಸಕ್ಕೆ ಕೈ ಹಾಕುವ ಮೊದಲು, ಏನಾಗಬೇಕು ಎಂಬುದನ್ನು ಆಡುವ ಮಾತಿನಲ್ಲೇ ಬರೆದಿಡುವುದು. ಹೀಗಿರುವಾಗ, ಹೀಗೆ ಮಾಡಿದರೆ, ಹೀಗಾಗಬೇಕು. ಆಮೇಲೆ ಕಂಪ್ಯೂಟರೇ ಆ ಮಾತುಗಳಂತೆ ಪ್ರೋಗ್ರಾಮನ್ನು ನಡೆಸಿ ನೋಡಿ, ಆಯಿತು ಅಥವಾ ಆಗಲಿಲ್ಲ ಎನ್ನುತ್ತದೆ. ಆ ಮಾತುಗಳನ್ನು ಬಳಸುವವರ ಪಕ್ಕದಲ್ಲಿ ಕುಳಿತು ಬರೆಯಬೇಕು. ಇವನು ತನ್ನ ಕೋಣೆಯಲ್ಲಿ ಕುಳಿತು ಬರೆದ. ಡೈರಿ ಎಂದರೇನೆಂದು ನನಗೆ ಗೊತ್ತಿಲ್ಲವೇ ಎಂಬ ಧೈರ್ಯ.

ಅವನು ಬರೆದದ್ದು ಹೀಗಿತ್ತು: 'ಒಬ್ಬ ಬಳಕೆದಾರ ಇರುವಾಗ, ಆತ ಬರೆ ಎಂಬ ಆಜ್ಞೆಯೊಂದಿಗೆ ಒಂದು ಸಾಲು ಕೊಟ್ಟರೆ, ಆ ಸಾಲು ಉಳಿದು ಹಸಿರಾಗಿ ಕಾಣಬೇಕು. ಆಜ್ಞೆ ಇಲ್ಲದೆ ಕೊಟ್ಟರೆ, ಆ ಸಾಲು ಉಳಿಯದೆ ಕೆಂಪಾಗಿ ಕಾಣಬೇಕು.' ಪ್ರೋಗ್ರಾಂ ಸಿದ್ಧವಾಯಿತು. ಪರೀಕ್ಷೆಗಳೆಲ್ಲ ಪಾಸಾದವು. ಅವನು ಮೀಸೆ ತಿರುವುತ್ತ ಆಕೆಯ ಮನೆಗೆ ಹೋದ.

ಆಕೆ ಇಯರ್‌ಫೋನ್ ಹಾಕಿಕೊಂಡು ಕುಳಿತಳು. ಸಂಭ್ರಮದಲ್ಲಿ ಆಜ್ಞೆಯನ್ನು ಮರೆತು, ನೋಡೋಣವೆಂದು ಎರಡೇ ಪದ ಟೈಪ್ ಮಾಡಿದಳು. ಕಿವಿಯಲ್ಲಿ ಆ ಎರಡು ಪದಗಳೇ ಕೇಳಿಸಿದವು. ಆಮೇಲೆ ನೆನಪಾಗಿ ಆಜ್ಞೆ ಹಾಕಿ ಮತ್ತೆ ಟೈಪ್ ಮಾಡಿದಳು. ಕಿವಿಯಲ್ಲಿ ಮತ್ತೆ ಆ ಎರಡು ಪದಗಳೇ.

"ಉಳೀತೋ ಇಲ್ಲೋ?" ಎಂದು ಕೇಳಿದಳು.

"ಮೊದಲನೇದು ಕೆಂಪಾಗೇದ, ಉಳದಿಲ್ಲ. ಎರಡನೇದು ಹಸಿರಾಗೇದ ನೋಡ್ರಿ ಅಕ್ಕಾರ," ಎಂದ ಅವನು, ಹೆಮ್ಮೆಯಿಂದ. ಯಾರಿಗೆ ನೋಡಿ ಎನ್ನುತ್ತಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಮಾತು ಕೇಳಿ ವೈನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಸಹಾಯ ಮಾಡುವ ಆಸೆ ಆಕೆಗೆ. "ತಡಿ, ನಾ ನೋಡಿ ಹೇಳತೀನಿ. 'ಇವತ್ತಿನ ಸಾರು' ಅಂತ ಬರದೀ. ಮುಂದೇನವಾ?"

ಕಣ್ಣು ಕಾಣದ ಆಕೆಯ ಕೈ ಕೀಬೋರ್ಡಿನ ಮೇಲೆ ನಿಂತಿತು. "ಇವತ್ತಿನ ಸಾರು ಭಾಳ ಛಲೋ ಆಗಿತ್ತು ಅಂತ ಬರೀಲಿಕ್ಕ ಹತ್ತಿದ್ದೆ, ವೈನಿ," ಎಂದಳು.

ವೈನಿ ನಗುತ್ತ ಒಳಗೆ ಹೋದಳು. ನಾದಿನಿ ಇಯರ್‌ಫೋನ್ ತೆಗೆದು, ಇದು ಬೇಡವೆಂದು ಅವನ ಕೈಗಿಟ್ಟಳು. ಅವನಿಗೆ ಮೈಯೆಲ್ಲ ಉರಿಯಿತು. ಪರೀಕ್ಷೆಗಳೆಲ್ಲ ಪಾಸಾಗಿವೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮನೆಗೆ ಬಂದ. ಊಟಕ್ಕೆ ಕುಳಿತ. ತಟ್ಟೆಗೆ ಸಾರು ಬಿದ್ದಾಗ ಆಕೆಯ ಮುಖ ನೆನಪಾಗಿ ತಟ್ಟೆ ಸರಿಸಿ ಎದ್ದ.

ಮರುದಿನ ವೈನಿ ಭಜನೆಗೆ ಹೋಗಿದ್ದ ಹೊತ್ತಿನಲ್ಲಿ ಅವನು ಮತ್ತೆ ಬಂದು ಆಕೆಯ ಪಕ್ಕದಲ್ಲಿ ಕುಳಿತ. ತಾನು ಬರೆದ ಪರೀಕ್ಷೆಗಳನ್ನು ಓದತೊಡಗಿದ. "ಒಬ್ಬ ಬಳಕೆದಾರ ಇರುವಾಗ..."

ಆಕೆ ತಡೆದಳು. "ಯಾರಂವ?"

"ಯಾರರೆ ಆಗಬಹುದ್ರಿ."

"ಹಂಗಾರ ಆ ಪುಣ್ಯಾತ್ಮಗ ಒಯ್ದು ಕೊಡು. ನನಗ್ಯಾಕ ತಂದೀ?"

ಅವನಿಗೆ ನಗು ತಡೆಯಲಾಗಲಿಲ್ಲ, ಆಕೆಯೂ ನಕ್ಕಳು. ನಗು ನಿಂತ ಮೇಲೆ ಅವನಿಗೆ ನಾಚಿಕೆಯಾಯಿತು. ಅಕ್ಕಾರ, ಅಕ್ಕಾರ ಎನ್ನುತ್ತ ಇಷ್ಟು ದಿನ ಕೆಲಸ ಮಾಡಿದ್ದ. ಆಕೆಯ ಹೆಸರು ಕೇಳಿರಲಿಲ್ಲ. ಈಗ ಕೇಳಿದ. ಗೋದಾಬಾಯಿ ಎಂದಳು. ಮನೆಯಲ್ಲಿ ಗೋದಕ್ಕ.

ಅವನು ಹಳೆಯದನ್ನೆಲ್ಲ ಅಳಿಸಿ, ಆಕೆ ಹೇಳಿದಂತೆ ಬರೆದುಕೊಂಡ: 'ಗೋದಕ್ಕ ಒಬ್ಬಳೇ ಕುಳಿತಿರುವಾಗ, ಒಂದು ಮಾತು ಬರೆದರೆ, ಅದು ಉಳಿಯಿತೋ ಇಲ್ಲವೋ ಎಂದು ಯಾರನ್ನೂ ಕೇಳದೆ ಆಕೆಗೆ ತಿಳಿಯಬೇಕು.' ಬಣ್ಣಗಳನ್ನು ಲೆಕ್ಕಕ್ಕೆ ಹಿಡಿಯಬೇಡ, ಕಿವಿಗೆ ಬೀಳುವ ಮಾತನ್ನಷ್ಟೇ ನೋಡು ಎಂದು ಕಂಪ್ಯೂಟರಿಗೆ ಹೇಳಿ ಪರೀಕ್ಷೆ ನಡೆಸಿದ. ಅವನ ಪ್ರೋಗ್ರಾಂ ಸೋತಿತು. ಅಷ್ಟು ಚೆಂದದ ಸೋಲನ್ನು ಅವನು ಎಂದೂ ಕಂಡಿರಲಿಲ್ಲ. ಮಾಡಬೇಕಾದ ಕೆಲಸ ಏನೆಂದು ಅವನಿಗೆ ಆಗ ಗೊತ್ತಾಯಿತು.

ಗೋದಕ್ಕನಿಗೆ ಹುರುಪು ಬಂತು, ಇನ್ನೊಂದು ಹೇಳಿದಳು. 'ಗೋದಕ್ಕ ಬರೆಯುತ್ತಿರುವಾಗ ವೈನಿಯ ಹೆಜ್ಜೆ ಸಪ್ಪಳ ಕೇಳಿಸಿ, ಸಾಕು ಎಂದು ಟೈಪ್ ಮಾಡಿದರೆ, ಪರದೆಯ ಮೇಲೆ ಏನೂ ಇರಬಾರದು. ಬರೆದದ್ದು ಕಳೆಯಲೂಬಾರದು.' ಇಂಥ ಪರೀಕ್ಷೆಯನ್ನು ಅವನು ತನ್ನ ಕೋಣೆಯಲ್ಲಿ ಜನ್ಮವಿಡೀ ಕುಳಿತಿದ್ದರೂ ಬರೆಯುತ್ತಿರಲಿಲ್ಲ. ಅದರಲ್ಲೂ ಪ್ರೋಗ್ರಾಂ ಸೋತಿತು. ಅವನು ಅಂಗಿಯ ತೋಳು ಮಡಚಿ ಅಲ್ಲೇ ಕೆಲಸಕ್ಕೆ ಕುಳಿತ. ಒಂದು ಗೆದ್ದರೆ ಇನ್ನೊಂದು ಸೋಲುತ್ತಿತ್ತು, ಅದನ್ನು ಸರಿಪಡಿಸಿದರೆ ಮೊದಲಿನದು ಮುರಿಯುತ್ತಿತ್ತು. ಬೈದುಕೊಳ್ಳುತ್ತ, ಚಹಾ ಕುಡಿಯುತ್ತ, ಕೊನೆಗೂ ಎಲ್ಲವನ್ನೂ ಗೆಲ್ಲಿಸಿದ.

ಅಷ್ಟರಲ್ಲಿ ವೈನಿ ಭಜನೆಯಿಂದ ಮರಳಿ ಅಡುಗೆಗೆ ತೊಡಗಿದ್ದಳು. ಈ ಸಲ ಅವನು ಗೋದಕ್ಕನ ಪರದೆಗೆ ಬೆನ್ನು ಹಾಕಿ ಬಾಗಿಲ ಬಳಿ ನಿಂತ. ಗೋದಕ್ಕ ಆಜ್ಞೆ ಹಾಕಿ ಒಂದು ಮಾತು ಟೈಪ್ ಮಾಡಿದಳು. ಕಿವಿಯಲ್ಲಿ 'ಉಳಿಯಿತು' ಎಂದು ಕೇಳಿಸಿತು. ತಿರುಗಿ ಓದು ಎಂದು ಕೇಳಿದಳು. ತನ್ನ ಮಾತು, ತನಗೊಬ್ಬಳಿಗೇ ಕೇಳಿಸಿತು. ಆಕೆ ಕುಳಿತಲ್ಲೇ ಚಪ್ಪಾಳೆ ತಟ್ಟಿ ಜೋರಾಗಿ ನಕ್ಕಳು. ಆ ಸಂತೋಷಕ್ಕೆ ಅವನ ಕಣ್ಣು ತುಂಬಿತು.

ನಗು ಕೇಳಿ ವೈನಿ ಬಂದಳು. ಹೆಜ್ಜೆ ಸಪ್ಪಳಕ್ಕೇ ಗೋದಕ್ಕ 'ಸಾಕು' ಎಂದು ಟೈಪ್ ಮಾಡಿದ್ದಳು. ಪರದೆ ಕಪ್ಪಗಿತ್ತು.

"ಏನು ಬರದೀ?" ಎಂದಳು ವೈನಿ.

"ಹೇಳಂಗಿಲ್ಲ!"

ಹುಟ್ಟಿದಾರಭ್ಯ ಗೋದಕ್ಕ ಆ ಮಾತು ಆಡಿರಲಿಲ್ಲ. ರಾಜ್ಯ ಗೆದ್ದವರೂ ಅಷ್ಟು ಗತ್ತಿನಿಂದ ಮಾತಾಡಿರಲಾರರು. ವೈನಿ ಕಪ್ಪು ಪರದೆಯನ್ನು ನೋಡಿದಳು, ಗೋದಕ್ಕನ ಮುಖ ನೋಡಿದಳು. ಅಡುಗೆಮನೆಗೆ ಹೋಗಿ, ಒಲೆಯ ಮೇಲಿದ್ದ ಸಾರನ್ನು ಮೊದಲ ಬಾರಿಗೆ ರುಚಿ ನೋಡಿದಳು. ಆ ದಿನದಿಂದ ಆ ಮನೆಯ ಸಾರು ಸುಧಾರಿಸಿತು. ಗೋದಕ್ಕ ಅಂದು ಬರೆದದ್ದು ಸಾರಿನ ಬಗ್ಗೆಯೋ ಬೇರೆ ಯಾವುದರ ಬಗ್ಗೆಯೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಪ್ರೋಗ್ರಾಂ ಬರೆದವನೂ ಕೇಳಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ನನ್ನ ಪರೀಕ್ಷೆಗಳನ್ನೂ ಈಗಲೇ ಹೊಸದಾಗಿ ಬರೆಯುತ್ತೇನೆ," ಎಂದು ಅಲ್ಲೇ ಲ್ಯಾಪ್‌ಟಾಪ್ ತೆರೆದು ಕೀಬೋರ್ಡಿನ ಮೇಲೆ ಬೆರಳಿಟ್ಟ.

"ಬರೆ. ನಿನ್ನದನ್ನು ಬೇಡವೆಂದು ತಿರುಗಿ ಕಳಿಸಿದವರ ಹೆಸರೇನು?" ಎಂದರು ಗುರುಗಳು.

ಶಿಷ್ಯ ಲ್ಯಾಪ್‌ಟಾಪ್ ಮುಚ್ಚಿ, ಹೆಸರು ಕೇಳಿಕೊಂಡು ಬರಲು ಎದ್ದು ಹೊರಟ.