ಸಪ್ಪಳ ತೆಗೆದ ಮೇಲೆ

ಹೊಳೆಯ ದಂಡೆಗೆ ಲಗಮಜ್ಜನ ಆಶ್ರಮ. ಆಶ್ರಮ ಅಂದ ಕೂಡಲೇ ಹೂದೋಟ, ಜಿಂಕೆಮರಿ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ತಗಡಿನ ಛಾವಣಿಯ ಒಂದು ಕೋಣೆ, ಮುಂದೊಂದು ಬೇವಿನ ಮರ, ಕೋಣೆಯೊಳಗೆ ಚರ್ಮ ಹೊಲಿಯುವ ದೊಡ್ಡ ಮಶೀನು. ಅಷ್ಟೇ.

ಜ್ಞಾನ ಬೇಕು ಅಂತ ಬಂದವರಿಗೆ ಅಜ್ಜ ಮೊದಲು ಚರ್ಮ ಕತ್ತರಿಸಲು ಹೇಳುತ್ತಿದ್ದ. ಅರ್ಧ ಮಂದಿ ಅಲ್ಲಿಂದಲೇ ಜಾಗ ಖಾಲಿ ಮಾಡುತ್ತಿದ್ದರು. ಚರ್ಮ ಮುಟ್ಟದೆ ಸಿಗುವ ಜ್ಞಾನ ಊರಲ್ಲಿ ಬೇಕಾದಷ್ಟಿತ್ತಲ್ಲ, ಅದರ ಹಿಂದೆ ಹೋಗುತ್ತಿದ್ದರು.

ಸಾತವ್ವ ಹೋಗಲಿಲ್ಲ. ಗಂಡ ತೀರಿಕೊಂಡ ಮೇಲೆ ಬಂದವಳು ಇಲ್ಲೇ ನಿಂತಳು. ಕೇಳುವುದನ್ನೂ ಹೊಲಿಯುವುದನ್ನೂ ಒಟ್ಟಿಗೇ ಕಲಿತಳು.

ಅವಳು ಹುಟ್ಟಿದ ಮನೆ ಊರ ಹಿಂದೆ. ಶಾಲೆಯಲ್ಲಿ ಕೂತದ್ದು ಹಿಂದಿನ ಗೋಡೆಗೆ. ಮದುವೆಯಾಗಿ ಹೋದದ್ದೂ ಇನ್ನೊಂದು ಊರ ಹಿಂದಕ್ಕೇ. ಬಾಗಿಲು ತೆರೆದರೆ ಎದುರಿಗೆ ಹೊಳೆ ಕಾಣುವ ಜಾಗದಲ್ಲಿ ಅವಳು ಕೂತದ್ದು ಇದೊಂದೇ ಕಡೆ. ಈ ಜಾಗವೆಂದರೆ ಅವಳಿಗೆ ಜೀವ.

ಪಕ್ಕದಲ್ಲೇ ಸ್ನಾನದ ಘಟ್ಟ. ಒಂದು ಮುಂಜಾನೆ ಘಟ್ಟದ ಸಮಿತಿಯ ಅಧ್ಯಕ್ಷರಾದ ಇನಾಮದಾರರು ಬಂದು, ಒಳಗೆ ಕಾಲಿಡದೆ ಬೇವಿನ ಮರದ ಕೆಳಗೇ ನಿಂತರು.

“ಅಜ್ಜಾರ, ನಿಮ್ಮ ಮಶೀನಿನ ಸಪ್ಪಳಕ್ಕ ನಮಗ ಮಂತ್ರ ಹೇಳಾಕ ಆಗವಲ್ದು. ಅಮಾಸಿ ಒಳಗ ಜಾಗಾ ಬಿಡ್ರಿ. ಇಟ್ಟಂಗಿ ಭಟ್ಟಿ ಹಿಂದ ಬ್ಯಾರೆ ಜಾಗಾ ತೋರಿಸ್ತೀವಿ.”

ಅಷ್ಟು ಹೇಳಿ ನಡೆದರು. ಆ ದಂಡೆಯ ಮೇಲೆ ಸಮಿತಿ ಹೇಳಿದ್ದೇ ಕಾನೂನು.

ಹಿಂದೆ ಅನ್ನುವ ಮಾತು ಕೇಳಿ ಸಾತವ್ವ ಹೊಲಿಗೆ ಬಿಟ್ಟು ಎದ್ದು ನಿಂತಳು.

“ಅಜ್ಜಾರ, ನಾ ಹೋಗಂಗಿಲ್ಲ.”

“ಹೋಗು ಅಂತ ನಾ ಅಂದ್ನೇನು?” ಅಂದ ಅಜ್ಜ. “ಅವರಿಗೆ ಏನು ತ್ರಾಸ ಅಂತ?”

“ಸಪ್ಪಳದ್ದು.”

“ಹಂಗಾರ ಸಪ್ಪಳ ತಗಿ.”

“ಆಮ್ಯಾಲ?”

“ಆಮ್ಯಾಲ ಸುಮ್ಮನ ಕುಂತು ಕೇಳು.”

ಏನು ಕೇಳಬೇಕು ಅಂತ ಅಜ್ಜ ಹೇಳಲಿಲ್ಲ. ಹೇಳುವ ಪೈಕಿಯವನೂ ಅಲ್ಲ.

ಸಪ್ಪಳವೇನೋ ನಿಜ. ಮಶೀನಿನ ಮೇಜಿನಡಿ ಹಳೆಯ ಕ್ಲಚ್ ಮೋಟಾರು ಇತ್ತು. ಸ್ವಿಚ್ಚು ಹಾಕಿದರೆ ಸಾಕು, ಹೊಲಿದರೂ ಹೊಲಿಯದಿದ್ದರೂ ಒಂದೇ ಸಮನೆ ಊಳಿಡುತ್ತಿತ್ತು. ಪೆಡಲ್ ಮೇಲೆ ಕಾಲು ತುಸು ಹೆಚ್ಚು ಊರಿದರೆ ಸೂಜಿ ಹುಚ್ಚೆದ್ದು ಓಡುತ್ತಿತ್ತು. ಒಮ್ಮೆ ಸಾತವ್ವನ ಬೆರಳನ್ನೇ ಹೊಲಿಯಲು ಹೋಗಿತ್ತು.

ಅವಳು ಪೇಟೆಗೆ ಹೋಗಿ ಸರ್ವೋ ಮೋಟಾರು ತಂದಳು. ಕಾಲು ಒತ್ತಿದಾಗಷ್ಟೇ ತಿರುಗುವಂಥದ್ದು, ಬಿಟ್ಟರೆ ಗಪ್ಪಾಗುವಂಥದ್ದು.

ಮೇಜಿನ ಕೆಳಗೆ ಅಂಗಾತ ಮಲಗಿ ಹಳೆಯ ಮೋಟಾರಿನ ನಟ್ಟು ಬಿಚ್ಚಿದಳು. ಅದನ್ನು ಇಳಿಸಲು ಅಜ್ಜನೂ ಕೈ ಹಚ್ಚಬೇಕಾಯಿತು. ಇಬ್ಬರ ಅಂಗೈಯೂ ಎಣ್ಣೆಮಸಿ. ಹೊಸದು ಅವಳೊಬ್ಬಳೇ ಎತ್ತುವಷ್ಟು ಹಗುರ, ಹಳೆಯ ತೂತುಗಳಿಗೇ ಸರಿಯಾಗಿ ಕೂತಿತು. ಬೆಲ್ಟು ಉದ್ದವಾಯಿತು, ಗಿಡ್ಡದನ್ನು ತಂದಳು. ಪೆಡಲಿನ ಸರಳು ಸಿಕ್ಕಿಸಿದಳು. ಕುಂಕುಮ ಹಚ್ಚಿದಳು. ಕಾಲು ಒತ್ತಿದಳು.

ಮಶೀನಿನ ಚಕ್ರ ಹಿಂದುಮುಂದಾಗಿ ತಿರುಗಿತು. ದಾರ ಗೋಜಲಾಗಿ ಸೂಜಿಯ ಬುಡದಲ್ಲಿ ಗಂಟು ಬಿತ್ತು.

ಅಜ್ಜ ಬಿದ್ದು ಬಿದ್ದು ನಕ್ಕ. “ಯಾವ ಕಡೆ ತಿರಗು ಅಂತ ಹೇಳಿದ್ದಿ ಅದಕ್ಕ?”

“ನಾ ಏನೂ ಹೇಳಿಲ್ರಿ.”

“ನೀ ಹೇಳದಿದ್ರ ಅದು ಯಾರೋ ಹೇಳಿ ಕಳಿಸಿದ ಕಡೆ ತಿರಗತೈತಿ. ಹೇಳು.”

ಸಾತವ್ವ ಮೋಟಾರಿನ ಡಬ್ಬಿಯ ಮೇಲೆಲ್ಲ ತಡಕಾಡಿ, ದಿಕ್ಕು ಬದಲಿಸುವ ಗುಂಡಿ ಹುಡುಕಿ ಒತ್ತಿದಳು. ಗಂಟು ಕತ್ತರಿಸಿ ಮತ್ತೆ ದಾರ ಪೋಣಿಸಿದಳು. ಈ ಸಲ ಚಕ್ರ ಅವಳ ಕಡೆಗೆ ತಿರುಗಿತು. ದಪ್ಪ ಚರ್ಮದೊಳಗೆ ಸೂಜಿ ಒಂದೊಂದೇ ಹೊಲಿಗೆ ಇಟ್ಟುಕೊಂಡು, ಅವಳು ಹೇಳಿದಂತೆ, ಅವಳು ಹೇಳಿದಷ್ಟೇ ನಡೆಯಿತು.

ಸಪ್ಪಳವೇ ಇಲ್ಲ. ಹೊಳೆಯ ನೀರು ಕಲ್ಲಿಗೆ ಬಡಿಯುವುದು ಕೇಳಿಸಿತು. ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತಿದ್ದರೂ ಅವಳು ಅದನ್ನು ಕೇಳಿದ್ದೇ ಇಲ್ಲ. ಅವಳಿಗೆ ಎದ್ದು ಕುಣಿಯಬೇಕು ಅನ್ನಿಸಿತು.

ಅಜ್ಜ ಎತ್ತಿನ ಕೊರಳಪಟ್ಟಿಯೊಂದನ್ನು ಹೊಲಿದು, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. “ಚಲೋ ಮೋಟಾರು,” ಅಂದ. ಅಜ್ಜನ ಬಾಯಿಂದ ಅಷ್ಟು ಬಂದರೆ ಹಬ್ಬ.

ಆ ಖುಷಿಯಲ್ಲೇ ಸಾತವ್ವ ಇನ್ನೊಂದು ಕೆಲಸ ಮಾಡಿದಳು. ಘಟ್ಟದ ಕಡೆಯ, ಹೊಳೆ ಕಾಣುವ ಬಾಗಿಲು ಮುಚ್ಚಿ, ಚಿಲಕ ಹಾಕಿದಳು; ಓಡಾಟಕ್ಕೆ ಸಣ್ಣ ಹಿಂಬಾಗಿಲಷ್ಟೇ ಉಳಿಸಿದಳು. ಯಾರೂ ಹೇಳಿರಲಿಲ್ಲ.

“ಬಾಗಲಾ ಯಾಕ ಹಾಕಿದಿ?” ಅಂತ ಅಜ್ಜ ಕೇಳಿದ.

“ಇರ್ಲಿ ತಗೋರಿ ಅಜ್ಜಾರ. ಅವರ ಕಣ್ಣಿಗೂ ಬೀಳೂದು ಬ್ಯಾಡ. ಜಾಗಾ ಒಂದು ಉಳದ್ರ ಸಾಕು.”

ಅಜ್ಜ ದೀಪ ಹಾಕಿಕೊಂಡು, ಹಗಲಲ್ಲೇ, ಚರ್ಮ ಕತ್ತರಿಸುತ್ತ ಕೂತ.

ಸಾತವ್ವ ತಾನೇ ಹೋಗಿ ಇನಾಮದಾರರನ್ನು ಕರೆದುಕೊಂಡು ಬಂದಳು. ಅವರು ಹಿಂಬಾಗಿಲ ಹೊಸ್ತಿಲಾಚೆ ನಿಂತರು. ಅವಳು ಕಾಲು ಒತ್ತಿ ಮಶೀನು ಓಡಿಸಿದಳು.

“ಕೇಳಸ್ತೈತೇನ್ರಿ?”

ಇನಾಮದಾರರು ಕಿವಿ ಮುಂದೆ ಚಾಚಿದರು. “ಇಲ್ಲವ್ವಾ. ಭಾಳ ಚಲೋ ಆತು.”

ಸಾತವ್ವನ ಮುಖ ಅರಳಿತು. ಇನಾಮದಾರರು ಮಾತ್ರ ಹೊರಡಲಿಲ್ಲ. ಶಾಲು ಹೆಗಲ ಮೇಲೆ ಸರಿಮಾಡಿಕೊಂಡರು.

“ಆದ್ರ ವಾಸನಿ ಒಂದು ಐತೆಲ್ಲ.”

“ಹದ ಮಾಡಿದ ಚರ್ಮರೀ ಇದು. ವಾಸನಿ ಎಲ್ಲೈತಿ? ನೋಡ್ರಿ ಬೇಕಾರ,” ಅಂತ ಅವಳು ಒಂದು ತುಂಡು ಮುಂದೆ ಹಿಡಿದಳು.

ಇನಾಮದಾರರು ಹಿಂದೆ ಸರಿದರು. “ವಾಸನಿ ಅಂತಲ್ಲ ತಂಗಿ. ಮಿಂದು ಮ್ಯಾಲ ಬಂದವರಿಗೆ ಮೊದಲ ಇದು ಕಣ್ಣಿಗೆ ಬೀಳತೈತಿ.”

“ಬಾಗಲಾ ಹಾಕೇನ್ರಿ. ಏನೂ ಕಾಣಂಗಿಲ್ಲ.”

“ಹಾಕಿದ್ರೂ,” ಅಂದರು ಇನಾಮದಾರರು, “ಒಳಗ ನೀವು ಇದ್ದೀರಿ ಅಂತ ಗೊತ್ತಿರತೈತೆಲ್ಲವಾ.”

ಸಿಟ್ಟಿನಿಂದ ಹೇಳಲಿಲ್ಲ. ಮನೆಯ ಮಗುವಿಗೆ ಬುದ್ಧಿ ಹೇಳುವ ಹಾಗೆ, ಸಮಾಧಾನವಾಗಿ ಹೇಳಿದರು. ಮಶೀನು ಗಪ್ಪಾಗಿತ್ತು. ಒಂದಕ್ಷರವೂ ತಪ್ಪದೆ ಸಾತವ್ವನಿಗೆ ಕೇಳಿಸಿತು.

“ಅಮಾಸಿ ನೆಪ್ಪಿರ್ಲಿ,” ಅಂತ ಅವರು ಹೊರಟುಹೋದರು.

ಸಾತವ್ವ ಧಡಕ್ಕನೆ ಎದ್ದು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಮೇಜಿನಡಿ ನುಗ್ಗಿದಳು.

“ಏನ ಮಾಡ್ತಿ?”

“ಇದನ್ನ ಕಿತ್ತು ಹಳೇದ್ದ ಹಾಕ್ತೀನಿ! ಹೊಲಿಯೂದು ಇರ್ಲಿ ಬಿಡ್ಲಿ, ಹಗಲೂ ರಾತ್ರಿ ಓಡಸ್ತೀನಿ! ಅವರ ಮಂತ್ರ ಅವರ ಬಾಯಾಗ ಉಳೀಬೇಕು!”

“ಹೊಸಾದು ಹಾಕಿದ್ದು ಯಾರ ಸಲುವಾಗಿ?”

“ಅವರ ಸಲುವಾಗಿ.”

“ಈಗ ಕೀಳೂದು?”

ಸಾತವ್ವನ ಕೈಯಲ್ಲಿ ಪಾನಾ ನಿಂತಿತು.

“ಅದೂ ಅವರ ಸಲುವಾಗೇ,” ಅಂದ ಅಜ್ಜ. “ನಿನ್ನ ಸಲುವಾಗಿ ಯಾವಾಗ ಹೊಲೀತಿ?”

ಅವಳು ಮೇಜಿನಡಿಯಿಂದ ಹೊರಗೆ ಬಂದು ನೆಲದ ಮೇಲೆ ಕೂತಳು. ಕಣ್ಣಲ್ಲಿ ನೀರು. ಅವಮಾನದ ನೀರು, ಸುಡುವಂಥದ್ದು.

“ಅಜ್ಜಾರ, ನಿಮಗ ಮೊದಲ ಗೊತ್ತಿತ್ತು. ಸಪ್ಪಳ ಅನ್ನೂದು ಬರೇ ನೆವ ಅಂತ ಗೊತ್ತಿತ್ತು. ಮತ್ತ ಇಷ್ಟೆಲ್ಲ ಯಾಕ ಮಾಡಿಸಿದ್ರಿ?”

“ನಾ ಹೇಳಿದ್ರ ನೀ ನಂಬತಿದ್ದಿ. ಈಗ ನಿನಗ ಗೊತ್ತಾಗೈತಿ. ನಂಬೂದು ಬ್ಯಾರೆ, ಗೊತ್ತಾಗೂದು ಬ್ಯಾರೆ.”

“ಹಂಗಾರ ನಾ ಮೋಟಾರು ಹಾಕಿದ್ದ ತಪ್ಪಾತೇನ್ರಿ?”

“ಮೋಟಾರು ಚಲೋ ಐತಿ ಅಂತ ಅವತ್ತ ಹೇಳೇನಿ. ನಿನ್ನ ಬೆರಳು ಉಳೀತು, ನನ್ನ ಕಿವಿ ಉಳೀತು.” ಅಜ್ಜ ದೀಪದ ಕಡೆ ನೋಡಿದ. “ಮೋಟಾರು ಒಂದ ಹಾಕಿದ್ದೇನು ನೀನು?”

ಸಾತವ್ವ ಕತ್ತು ತಿರುಗಿಸಿ ಬಾಗಿಲನ್ನು ನೋಡಿದಳು. ಬೇರೆ ಯಾರೂ ಹಾಕಿರಲಿಲ್ಲ ಆ ಚಿಲಕ. ಇನಾಮದಾರರು ‘ಹಿಂದಕ್ಕೆ ಹೋಗಿ’ ಅಂದಿದ್ದರು ಅಷ್ಟೇ. ಹೋದವಳು ತಾನು.

ಅವಳು ಎದ್ದಳು. ಚಿಲಕ ತೆಗೆದಳು. ಅಷ್ಟಕ್ಕೆ ಮನಸ್ಸು ತುಂಬಲಿಲ್ಲ. ಕೈಯಲ್ಲಿ ಪಾನಾ ಇದ್ದೇ ಇತ್ತು, ತಿರುಗಣಿಯ ನಟ್ಟು ಬಿಚ್ಚಿ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದಳು. ಹೊಳೆಯ ಬೆಳಕು ಒಮ್ಮೆಲೇ ಒಳಗೆ ಬಂತು. ಅಜ್ಜ ದೀಪ ಆರಿಸಿದ.

ಅಮಾವಾಸ್ಯೆಯ ಮುಂಜಾನೆ ಘಟ್ಟದ ತುಂಬ ಜನ. ಸಾತವ್ವ ಮತ್ತು ಅಜ್ಜ ಮಶೀನನ್ನು ಮೇಜಿನ ಸಮೇತ ಎಳೆದು ತಂದು ಬೇವಿನ ಮರದ ಕೆಳಗೆ, ಘಟ್ಟಕ್ಕೆ ಮುಖ ಮಾಡಿ ಇಟ್ಟರು. ಅವಳು ಮೇಜಿನ ತುಂಬ ಚರ್ಮ ಹರಡಿದಳು. ಅಜ್ಜ ಪಕ್ಕದಲ್ಲಿ ಕೂತು ಪಟ್ಟಿ ಕತ್ತರಿಸತೊಡಗಿದ.

ಮಿಂದು ಮೇಲೆ ಬಂದವರು ಅಲ್ಲಲ್ಲೇ ನಿಂತರು. ಇನಾಮದಾರರು ಒದ್ದೆ ಪಂಚೆಯಲ್ಲೇ ಬಿರಬಿರನೆ ಬಂದರು. ಹಿಂದೆ ನಾಲ್ಕಾರು ಗಟ್ಟಿ ಆಳುಗಳು, ಅವರೂ ಆಗಷ್ಟೇ ಮುಳುಗೆದ್ದವರು.

“ಹಿಂದ ಹೋಗ್ರಿ ಅಂದ್ರ ಮುಂದ ಬಂದ್ರ್ಯಾ? ಎತ್ರೋ ಅದನ್ನ!”

ಯಾರೂ ಮುಂದೆ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಎತ್ರೋ ಅಂದ್ರ!”

“ಮಿಂದೇವ್ರಿ,” ಅಂದ ಒಬ್ಬ, ಮೆಲ್ಲಗೆ. “ಮ್ಯಾಲ ಪೂರಾ ಚರ್ಮ ಐತಿ.”

ಸಾತವ್ವ ತಲೆ ಎತ್ತಿದಳು.

“ಎತ್ರಿ,” ಅಂದಳು. “ಭಾಳ ಭಾರ ಐತಿ. ಎರಡೂ ಕೈಲೆ ಹಿಡೀಬೇಕಾಗತೈತಿ.”

ಆಳುಗಳು ಒದ್ದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಮೊದಲೆಲ್ಲ ಇಂಥಾ ಕೆಲಸಕ್ಕ ನಮ್ಮನ್ನ ಕರೀತಿದ್ರಿ. ಇವತ್ತ ಕರದ್ರ ನಾವು ಬರಂಗಿಲ್ರಿ.”

ಘಟ್ಟದ ಮೇಲೆ ಯಾರೋ ಒಬ್ಬರು ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಆಳುಗಳು ಒಬ್ಬೊಬ್ಬರೇ ಮೆಟ್ಟಿಲ ಕಡೆ ಜಾರಿಕೊಂಡರು.

ಸಾತವ್ವ ಕಾಲು ಒತ್ತಿದಳು. ಮೋಟಾರಿನ ಸದ್ದು ಎರಡು ಮಾರು ಆಚೆಗೂ ಹೋಗಲಿಲ್ಲ. ಎಲ್ಲರ ಕಣ್ಣೆದುರಿಗೆ, ಹೊಳೆಯ ಬೆಳಕಿನಲ್ಲಿ, ಸೂಜಿ ಒಂದೊಂದೇ ಹೊಲಿಗೆ ಇಡುತ್ತ ನಡೆಯಿತು.

ಇನಾಮದಾರರು ಒಬ್ಬರೇ ಉಳಿದರು. ಇಷ್ಟು ಹೊತ್ತು ಎತ್ತಿದ್ದ ದನಿ ಈಗ ಇಳಿದಿತ್ತು.

“ಅಜ್ಜಾರ, ಹಿಂಗ ನಮ್ಮ ಎದುರಿಗೆ ಎಷ್ಟು ದಿನ ಕುಂದ್ರಾವ್ರು ನೀವು?”

ಲಗಮಜ್ಜ ಕತ್ತರಿಸುತ್ತಿದ್ದ ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

“ನಿಮಗ ರೂಢಿ ಆಗೂ ತನಕ, ಇನಾಮದಾರ್ರ. ಆಮ್ಯಾಲೂ ಇಲ್ಲೇ.”